ನಶ್ಯದ ಡಬ್ಬಿಯಲ್ಲಿ ಒಂದು ನಾಡಿನ ಕಲ್ಲುಗಳು

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ 1770ರ ದಶಕದಲ್ಲಿ ತಯಾರಾಗುತ್ತಿದ್ದ ಒಂದು ಬಗೆಯ ನಶ್ಯದ ಡಬ್ಬಿ ಇವತ್ತು ಜಗತ್ತಿನ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಕೂತಿದೆ. ಅಂಗೈಯಲ್ಲಿ ಹಿಡಿಸುವಷ್ಟು ಅಗಲ, ದುಂಡಗೆ ಅಥವಾ ಮೊಟ್ಟೆಯ ಆಕಾರ. ಡಬ್ಬಿ ಚಿನ್ನದ್ದೇ, ಆದರೂ ಹೊರಗಿನಿಂದ ನೋಡಿದರೆ ಚಿನ್ನ ಬರೀ ಗೆರೆಗಳಾಗಿ ಕಾಣುತ್ತದೆ. ಆ ಗೆರೆಗಳ ನಡುವೆ ಕಂದು, ಇಟ್ಟಿಗೆ ಕೆಂಪು, ಹಾಲುಬಿಳಿ, ಪಾಚಿ ಹಸಿರು, ತಿಳಿ ನೇರಳೆ ಬಣ್ಣದ ಕಲ್ಲಿನ ತೆಳು ಹೋಳುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಮುಚ್ಚಳದ ನಡುವಿನಿಂದ ಹೊರಟು ಅಂಚಿನವರೆಗೆ ಸುತ್ತು ಸುತ್ತಾಗಿ, ಮತ್ತೆ ಪಕ್ಕಗಳ ಮೇಲೂ ಸಾಲಾಗಿ.

ಇಷ್ಟಾದರೆ ಇದೊಂದು ಚೆಲುವಾದ ಡಬ್ಬಿ ಅನ್ನಬಹುದಿತ್ತು. ಇನ್ನಷ್ಟು ಹತ್ತಿರ ಹೋದರೆ ಪ್ರತಿಯೊಂದು ಕಲ್ಲಿನ ಪಕ್ಕದ ಚಿನ್ನದ ಅಂಚಿನಲ್ಲಿ ಕೊರೆದ ಒಂದು ಪುಟ್ಟ ಅಂಕಿ ಕಾಣುತ್ತದೆ. ಡಬ್ಬಿಯ ತಳದಲ್ಲಿ ಗುಟ್ಟಾದ ಒಂದು ಖಾನೆ, ಅದರೊಳಗೆ ಪುಟ್ಟ ಪುಸ್ತಿಕೆ. ಅಂಕಿ ಹಿಡಿದು ಪುಸ್ತಿಕೆ ತೆರೆದರೆ ಆ ಕಲ್ಲು ಯಾವ ಜಾತಿಯದು, ಯಾವ ಊರಿನ ಬಳಿ ಸಿಕ್ಕಿದ್ದು ಎಂದು ಬರೆದಿರುತ್ತದೆ. ನಶ್ಯ ಏರಿಸುತ್ತಾ ಒಂದು ರಾಜ್ಯದ ಭೂಗರ್ಭವನ್ನೇ ಓದಬಹುದಾಗಿತ್ತು. ಜರ್ಮನ್ನರು ಇದನ್ನು ಸ್ಟೈನ್‌ಕ್ಯಾಬಿನೆಟ್, ಅಂದರೆ ಕಲ್ಲುಗಳ ಸಂಗ್ರಹ ಎಂದೇ ಕರೆದರು.

ಇವನ್ನು ಮಾಡಿದವನು ಯೋಹಾನ್ ಕ್ರಿಸ್ಟಿಯಾನ್ ನಾಯ್ಬರ್. ಹುಟ್ಟಿದ್ದು 1736, ಡ್ರೆಸ್ಡೆನ್‌ನಲ್ಲಿ ಅಕ್ಕಸಾಲಿಕೆ ಕಲಿತು 1762ರಲ್ಲಿ ಪೂರ್ಣ ಪ್ರಮಾಣದ ಚಿನ್ನದ ಕುಶಲಕರ್ಮಿ ಎನಿಸಿಕೊಂಡ, 1775ರ ಹೊತ್ತಿಗೆ ಡ್ರೆಸ್ಡೆನ್ ಇರುವ ಸ್ಯಾಕ್ಸನಿ ನಾಡಿನ ಅರಮನೆಯ ಒಡವೆಗಾರನಾಗಿದ್ದ. ಯುರೋಪಿನ ಹಳೆಯ ಲೋಹದ ಕೆಲಸದಲ್ಲಿ ಕಲ್ಲು ಕೂರಿಸಿದ ವಸ್ತುಗಳು ಸಾವಿರಾರು ಇವೆ: ಹೂಜಿ, ಗಡಿಯಾರ, ಪೆಟ್ಟಿಗೆ, ಮೇಜು, ಎದೆಗೆ ಚುಚ್ಚುವ ಬ್ರೂಚು. ಅವುಗಳ ಕೆಲಸ ಹೇಗೆ ನಡೆಯುತ್ತದೆ ಎಂದು ಅರ್ಥವಾಗಬೇಕಾದರೆ ನಾಯ್ಬರ್‌ನ ಡಬ್ಬಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಕಾರಣ, ಅವನು ಕಲ್ಲಿನ ಬಗ್ಗೆ ಏನನ್ನೂ ಮುಚ್ಚಿಡಲಿಲ್ಲ.

ಅಂಕಿ ಏಕೆ ಬಂತು

1756ರಿಂದ 1763ರವರೆಗೆ ನಡೆದ ಏಳು ವರ್ಷಗಳ ಯುದ್ಧ ಸ್ಯಾಕ್ಸನಿಯನ್ನು ಹಣ್ಣುಗಾಯಿ ಮಾಡಿತು. ಪ್ರಷ್ಯಾದ ಸೇನೆ ನಾಡನ್ನು ಹಿಡಿದು ಬೊಕ್ಕಸ ಬರಿದು ಮಾಡಿತ್ತು. ಯುದ್ಧ ಮುಗಿದ ಮೇಲೆ ನಾಡನ್ನು ಮತ್ತೆ ಕಟ್ಟಬೇಕೆಂದಾಗ ಆಡಳಿತಗಾರರ ಕಣ್ಣು ನೆಲದೊಳಗೆ ಹೋಯಿತು. ಅಲ್ಲಿನ ಬೆಟ್ಟಗಳಲ್ಲಿ ಬೆಳ್ಳಿ, ತವರ ತೆಗೆಯುವುದು ಶತಮಾನಗಳ ಕಸುಬು. 1765ರಲ್ಲಿ ಫ್ರೈಬರ್ಗ್‌ನಲ್ಲಿ ಗಣಿಗಾರಿಕೆಯ ಅಕಾಡೆಮಿ ಶುರುವಾಯಿತು. ಅಬ್ರಹಾಂ ಗಾಟ್‌ಲಾಬ್ ವೆರ್ನರ್ 1774ರಲ್ಲಿ ಖನಿಜಗಳನ್ನು ಹೊರಗಿನ ಲಕ್ಷಣಗಳಿಂದಲೇ, ಅಂದರೆ ಬಣ್ಣ, ಹೊಳಪು, ಗಡಸುತನ, ಒಡೆಯುವ ಬಗೆ ಇವುಗಳಿಂದ, ಗುರುತಿಸುವ ಪುಸ್ತಕ ಪ್ರಕಟಿಸಿ ಮರುವರ್ಷ ಅಲ್ಲೇ ಅಧ್ಯಾಪಕನಾದ. ಕಲ್ಲು ಸಂಗ್ರಹಿಸುವುದು, ಹೆಸರಿಟ್ಟು ಜೋಡಿಸುವುದು ಶ್ರೀಮಂತರ ಗೀಳಾಯಿತು.

ನಾಯ್ಬರ್‌ಗೆ ಮುಂಚೆಯೇ ಡ್ರೆಸ್ಡೆನ್‌ನಲ್ಲಿ ಕಲ್ಲಿನ ಹೋಳು ಜೋಡಿಸಿ ಡಬ್ಬಿ ಮಾಡುವವರಿದ್ದರು. ಅವನ ಮಾವ ಹೈನ್‌ರಿಷ್ ಟಾಡೆಲ್, ಕಲ್ಲು ಕೊಯ್ಯುವುದರಲ್ಲಿ ನುರಿತ ಕ್ರಿಸ್ಟಿಯಾನ್ ಗಾಟ್‌ಲೀಬ್ ಸ್ಟೀಲ್ ಇಬ್ಬರೂ ಈ ದಾರಿ ತುಳಿದವರೇ. ನಾಯ್ಬರ್ ಮಾಡಿದ ದೊಡ್ಡ ಕೆಲಸವೆಂದರೆ ಒಡವೆಗಾರನ ಕೈಚಳಕವನ್ನೂ ಗಣಿ ಅಕಾಡೆಮಿಯ ಪಟ್ಟಿಯನ್ನೂ ಒಂದೇ ವಸ್ತುವಿನಲ್ಲಿ ತಂದದ್ದು. ವಜ್ರ, ಮಾಣಿಕ್ಯಗಳು ಹೊರದೇಶದಿಂದ ಬರಬೇಕು. ಅಗೇಟು, ಜಾಸ್ಪರ್‌ಗಳು ಸ್ಯಾಕ್ಸನಿಯ ಹೊಳೆ ಪಾತ್ರಗಳಲ್ಲೇ ಬಿದ್ದಿದ್ದವು. ಅವುಗಳಿಂದಲೇ ಅರಸರು ಉಡುಗೊರೆ ಕೊಡುವಂಥ ವಸ್ತು ಮಾಡಿ ತೋರಿಸಿದರೆ ನಾಡಿಗೂ ಹೆಸರು, ಕಸುಬಿಗೂ ಹೊಟ್ಟೆಪಾಡು.

ಯಾವ ಕಲ್ಲು

ನಾಯ್ಬರ್ ಬಳಸಿದ ಕಲ್ಲುಗಳಲ್ಲಿ ಬಹುಪಾಲು ಒಂದೇ ಮನೆತನದವು. ನಮ್ಮ ಹೊಲದ ಬದುಗಳಲ್ಲಿ ಬೆಳ್ಳಗೆ ಹೊಳೆಯುವ ಬೆಣಚುಕಲ್ಲು ಇದೆಯಲ್ಲ, ಅಗೇಟು, ಜಾಸ್ಪರ್, ಕಾರ್ನೀಲಿಯನ್, ಅಮೆಥಿಸ್ಟ್ ಎಲ್ಲವೂ ಅದರ ದಾಯಾದಿಗಳೇ. ಮೂಲವಸ್ತು ಸಿಲಿಕಾ. ಬಣ್ಣ ಬರುವುದು ಒಳಗೆ ಸೇರಿದ ಅಲ್ಪಸ್ವಲ್ಪ ಬೇರೆ ಧಾತುಗಳಿಂದ. ಕಬ್ಬಿಣ ಒಂದು ರೂಪದಲ್ಲಿದ್ದರೆ ಕೆಂಪು, ಇನ್ನೊಂದು ರೂಪದಲ್ಲಿ ಹಳದಿ, ಅಮೆಥಿಸ್ಟಿನಲ್ಲಿ ನೇರಳೆ.

ಅಗೇಟು ಸಾಮಾನ್ಯವಾಗಿ ಹುಟ್ಟುವುದು ಆರಿದ ಲಾವಾದ ಒಳಗಿನ ಗುಳ್ಳೆಗಳಲ್ಲಿ. ಸಿಲಿಕಾ ಕರಗಿದ ನೀರು ಆ ಟೊಳ್ಳಿಗೆ ಇಳಿದು ಗೋಡೆಯಿಂದ ಒಳಕ್ಕೆ ಪದರ ಪದರವಾಗಿ ಗಟ್ಟಿಯಾಗುತ್ತಾ ಬರುತ್ತದೆ. ಅದಕ್ಕೇ ಕೊಯ್ದ ಅಗೇಟು ಅಡ್ಡಡ್ಡ ಹೆಚ್ಚಿದ ಈರುಳ್ಳಿಯ ಹಾಗೆ ಬಳೆ ಬಳೆಯಾಗಿ ಕಾಣುವುದು. ಸ್ಯಾಕ್ಸನಿಯ ಶ್ಲಾಟ್‌ವಿಟ್ಸ್ ಎಂಬಲ್ಲಿ ಇದಕ್ಕಿಂತ ಅಪರೂಪದ ಒಂದು ಕಲ್ಲು ಸಿಗುತ್ತದೆ. ಅಲ್ಲಿ ಹಿಂದೆಂದೋ ನೆಲ ಕದಲಿ ಅಗೇಟಿನ ಪಟ್ಟಿಗಳು ಚೂರುಚೂರಾಗಿ ಒಡೆದವು, ಆ ಚೂರುಗಳ ಸಂದಿಯಲ್ಲಿ ಮತ್ತೆ ಸಿಲಿಕಾ ತುಂಬಿ ಎಲ್ಲವೂ ಒಂದೇ ಬಂಡೆಯಾಗಿ ಬೆಸೆದುಕೊಂಡಿತು. ಹೋಳು ಮಾಡಿ ಮೆರುಗು ಕೊಟ್ಟರೆ ಮುರಿದ ಪಟ್ಟಿಗಳು ನೇರಳೆ ಹಿನ್ನೆಲೆಯಲ್ಲಿ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಫ್ರೈಬರ್ಗ್ ಹತ್ತಿರದ ಹಾಲ್ಸ್‌ಬಾಖ್‌ನದು ಹವಳದ ಬಣ್ಣದ ಅಗೇಟು. ಕೆಮ್ನಿಟ್ಸ್‌ನದು ಕಲ್ಲಾದ ಮರ. ಸುಮಾರು 29 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಕಾಡು ಅದು. ಮರದ ಒಳಗಿನ ರಚನೆ ಹಾಗೇ ಉಳಿದಿದೆ, ವಸ್ತು ಮಾತ್ರ ಸಿಲಿಕಾ.

ಗಡಸುತನದ ಮಾತು ಇಲ್ಲಿ ಮುಖ್ಯ. ಯಾವ ಖನಿಜ ಯಾವುದನ್ನು ಗೀರುತ್ತದೆ ಎಂಬುದರ ಮೇಲೆ 1ರಿಂದ 10ರವರೆಗೆ ಅಳತೆಗೋಲು ಕೊಟ್ಟ ಫ್ರೀಡ್ರಿಷ್ ಮೋಸ್ ಫ್ರೈಬರ್ಗ್‌ನಲ್ಲಿ ವೆರ್ನರ್‌ನ ಶಿಷ್ಯನಾಗಿದ್ದವನು. 1812ರ ಆ ಅಳತೆಯಲ್ಲಿ ವಜ್ರ 10, ಬೆಣಚುಕಲ್ಲು 7, ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ 3. ಒಳ್ಳೆಯ ಚಾಕುವಿನ ಉಕ್ಕು 7ಕ್ಕಿಂತ ಕೆಳಗೆ ನಿಲ್ಲುತ್ತದೆ. ಅಂದರೆ ಬೆಣಚುಕಲ್ಲಿನ ಮನೆತನದವು ಚಾಕುವಿಗೆ ಜಗ್ಗುವುದಿಲ್ಲ. ಗಾಳಿಯಲ್ಲಿ ತೇಲುವ ಧೂಳಿನಲ್ಲೂ ಬೆಣಚಿನ ಕಣಗಳಿರುವುದರಿಂದ 7ಕ್ಕಿಂತ ಮೆತ್ತನೆಯ ಕಲ್ಲುಗಳು ಒರೆಸಿ ಒರೆಸಿಯೇ ಮಂಕಾಗುತ್ತವೆ. 250 ವರ್ಷ ಕಳೆದರೂ ನಾಯ್ಬರ್‌ನ ಅಗೇಟುಗಳು ನಿನ್ನೆ ಮೆರುಗು ಕೊಟ್ಟಂತೆ ಇರುವುದರ ಗುಟ್ಟು ಇದೇ. ರಷ್ಯದವರು ಪ್ರೀತಿಸಿದ ಮಾಲಕೈಟ್ 4ರ ಆಸುಪಾಸಿನದು, ಆಫ್ಘಾನಿಸ್ತಾನದಿಂದ ಬರುತ್ತಿದ್ದ ನೀಲಿ ಲ್ಯಾಪಿಸ್ ಲಾಜುಲಿ 5ರ ಹತ್ತಿರದ್ದು. ನೋಡಲು ಒಂದೇ ಗುಂಪಿನವೆನಿಸಿದರೂ ಇವುಗಳ ಬಾಳಿಕೆ ಬೇರೆ, ಆರೈಕೆ ಬೇರೆ.

ಕೊಯ್ಯುವುದು, ಸಾಣೆ ಹಿಡಿಯುವುದು

ಉಕ್ಕಿಗೂ ಜಗ್ಗದ ಕಲ್ಲನ್ನು ಹಾಗಾದರೆ ಕೊಯ್ಯುವುದು ಹೇಗೆ? ಗರಗಸದ ಹಲ್ಲು ಇಲ್ಲಿ ಕೆಲಸಕ್ಕೆ ಬಾರದು. ಕೊಯ್ಯುವುದು ಪುಡಿ; ಲೋಹ ಆ ಪುಡಿಯನ್ನು ಹೊತ್ತು ಓಡಾಡುತ್ತದೆ ಅಷ್ಟೆ. ಗ್ರೀಸಿನ ನಾಕ್ಸೋಸ್ ದ್ವೀಪದಿಂದ ಬರುತ್ತಿದ್ದ ಎಮರಿ ಎಂಬ ಗಡಸು ಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಕಲ್ಲಿನ ಮೇಲೆ ಬಿಡುತ್ತಾ, ಹಲ್ಲಿಲ್ಲದ ತೆಳು ಕಬ್ಬಿಣದ ತಟ್ಟೆಯನ್ನೋ ತಂತಿಯನ್ನೋ ಅದರ ಮೇಲೆ ಓಡಿಸಬೇಕು. ಪುಡಿಯ ಕಣಗಳು ಮೆತ್ತಗಿನ ಕಬ್ಬಿಣಕ್ಕೆ ಕಚ್ಚಿಕೊಂಡು ಕಲ್ಲನ್ನು ತೇಯುತ್ತವೆ. ಇನ್ನೂ ನಯವಾದ ಕೆಲಸಕ್ಕೆ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ.

ಇಟಲಿಯ ಫ್ಲಾರೆನ್ಸ್‌ನಲ್ಲಿ ಮೆದಿಚಿ ಮನೆತನದ ಫರ್ಡಿನಾಂಡೊ 1588ರಲ್ಲಿ ಸ್ಥಾಪಿಸಿದ ಕಾರ್ಯಾಗಾರ ಇವತ್ತಿಗೂ ಇದೆ. ಬಣ್ಣದ ಕಲ್ಲುಗಳನ್ನು ಜೋಡಿಸಿ ಚಿತ್ರ ಮಾಡುವ ಆ ಕಸುಬಿನಲ್ಲಿ ಕೈಗೆ ಹಿಡಿಯುವ ಸಾಧನ ಮರದ ಕೊಂಬೆಯ ಬಿಲ್ಲು, ಅದಕ್ಕೆ ಬಿಗಿದ ಕಬ್ಬಿಣದ ತಂತಿ. ಒಂದು ಕೈ ಬಿಲ್ಲನ್ನು ಮೇಲೆ ಕೆಳಗೆ ಎಳೆಯುತ್ತದೆ, ಇನ್ನೊಂದು ಕೈ ಒದ್ದೆ ಪುಡಿಯನ್ನು ಬಿಡುತ್ತದೆ. ಗೆರೆಯ ಗುಂಟ ತಂತಿ ತಿರುಗುತ್ತಾ ಹೋಗುತ್ತದೆ. ಅಲ್ಲಿನ ಒಂದು ಜಾಣತನವನ್ನು ಹೇಳಲೇಬೇಕು. ತುಂಡಿನ ಅಂಚನ್ನು ನೆಟ್ಟಗೆ ಕೊಯ್ಯುವುದಿಲ್ಲ, ಕೆಳಗೆ ಹೋದಂತೆ ತುಸು ಒಳಕ್ಕೆ ಓರೆ ಮಾಡುತ್ತಾರೆ. ಹೀಗಾಗಿ ಮೇಲ್ಮೈಯಲ್ಲಿ ಎರಡು ತುಂಡುಗಳು ಕೂದಲೂ ತೂರದಂತೆ ಕೂಡಿಕೊಳ್ಳುತ್ತವೆ, ಅಡಿಯಲ್ಲಿ ಅಂಟಿಗೆ ಜಾಗ ಉಳಿಯುತ್ತದೆ.

ಕೊಯ್ದ ಹೋಳಿಗೆ ಮೊದಲು ಒರಟು ಪುಡಿ, ಆಮೇಲೆ ನಯ, ಆಮೇಲೆ ಇನ್ನೂ ನಯ. ಕೊನೆಯ ಮೆರುಗಿಗೆ ತವರವನ್ನು ಸುಟ್ಟು ಮಾಡಿದ ಬಿಳಿ ಪುಡಿ. ಒಂದು ಹಂತದ ಒರಟು ಕಣ ಒಂದೇ ಒಂದು ಮುಂದಿನ ಹಂತಕ್ಕೆ ಜಾರಿಬಂದರೂ ಗೀರು ಬೀಳುತ್ತದೆ, ಮತ್ತೆ ಹಿಂದಿನ ಹಂತದಿಂದ ಆರಂಭ. ಪ್ರತಿ ಹಂತಕ್ಕೂ ಬೇರೆ ಚಕ್ರ, ನಡುವೆ ಕೈ ತೊಳೆದು ಕಲ್ಲು ತೊಳೆಯುವುದು, ಇವನ್ನು ಕಸುಬುದಾರರು ಮಡಿಯಂತೆ ಪಾಲಿಸುತ್ತಿದ್ದುದು ಸುಮ್ಮನೆ ಅಲ್ಲ.

ಜರ್ಮನಿಯ ಇನ್ನೊಂದು ತುದಿಯಲ್ಲಿ, ಇಡಾರ್ ಮತ್ತು ಓಬರ್‌ಸ್ಟೈನ್ ಎಂಬ ಜೋಡಿ ಊರುಗಳಲ್ಲಿ, ಹೊಳೆಯ ನೀರಿನಿಂದ ತಿರುಗುವ ಭಾರೀ ಮರಳುಗಲ್ಲಿನ ಸಾಣೆಚಕ್ರಗಳಿದ್ದವು. ಕೆಲಸಗಾರರು ಮರದ ಗಿಡ್ಡ ಪೀಠದ ಮೇಲೆ ಬೋರಲು ಮಲಗಿ, ಕಾಲನ್ನು ನೆಲದ ಹಲಗೆಗೆ ಒದ್ದುಕೊಂಡು, ಮೈಭಾರವನ್ನೆಲ್ಲ ಹಾಕಿ ಕಲ್ಲನ್ನು ಚಕ್ರಕ್ಕೆ ಒತ್ತುತ್ತಿದ್ದರು. ಮುಖ ಚಕ್ರದ ಹತ್ತಿರ, ಎದೆಯೊಳಗೆ ಸಿಲಿಕಾ ಧೂಳು. ಶ್ವಾಸಕೋಶದ ಕಾಯಿಲೆ ಆ ಊರುಗಳ ಮನೆಮನೆಯಲ್ಲಿತ್ತು. ಹಳೆಯ ಅಗೇಟಿನ ಬಟ್ಟಲೊಂದನ್ನು ಬೆಳಕಿಗೆ ಹಿಡಿದು ಆಹಾ ಅನ್ನುವಾಗ ಇದನ್ನೂ ನೆನೆಯಬೇಕು ಎಂದು ನನಗೆ ಅನಿಸುತ್ತದೆ.

ಬೆಂಕಿ ಮೊದಲು, ಕಲ್ಲು ಆಮೇಲೆ

ಲೋಹದ ಕೆಲಸಕ್ಕೆ ಬೆಂಕಿ ಬೇಕು. ಕಲ್ಲಿಗೆ ಬೆಂಕಿ ಆಗದು. ಈ ಎರಡರ ನಡುವಿನ ಹೊಂದಾಣಿಕೆಯಲ್ಲೇ ಇಡೀ ಕಸುಬು ನಿಂತಿದೆ.

ಚಿನ್ನದ ಬೆಸುಗೆ ಕರಗಿ ಹರಿಯಲು ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಬೆಣಚುಕಲ್ಲಿನ ಹರಳು ರಚನೆ 573 ಡಿಗ್ರಿಯಲ್ಲಿ ಬದಲಾಗಿ ಗಾತ್ರ ಫಕ್ಕನೆ ಹಿಗ್ಗುತ್ತದೆ. ಅಗೇಟಿನ ಸೂಕ್ಷ್ಮ ರಂಧ್ರಗಳಲ್ಲಿ ನೀರಿನ ಅಂಶವೂ ಇರುತ್ತದೆ. ಕಾಯಿಸಿದರೆ ಅದು ಹೊರಗೆ ಬರಲು ಹೆಣಗಿ ಕಲ್ಲು ಬಿರುಕು ಬಿಡುತ್ತದೆ. ಆದ್ದರಿಂದ ಬೆಂಕಿಯ ಕೆಲಸ ಪೂರ್ತಿ ಮುಗಿಯಬೇಕು: ಡಬ್ಬಿಯ ಮೈ, ಕೀಲು, ಒಳಗಿನ ತಗಡು, ಗೂಡುಗಳ ಗೋಡೆ, ಎಲ್ಲಕ್ಕೂ ಬಿಳಿಗಾರ ಹಚ್ಚಿ ಬೆಸುಗೆ ಹಾಕಿ, ತೊಳೆದು, ನೇರ ಮಾಡಿ ಮುಗಿಸಿದ ಮೇಲಷ್ಟೇ ಕಲ್ಲಿನ ಸರದಿ. ಆಮೇಲೆ ಏನು ತಪ್ಪಿದರೂ ಒಲೆಗೆ ಹಿಡಿಯುವಂತಿಲ್ಲ. ಕೀಲು ಮುರಿದರೂ ಅಷ್ಟೆ, ಹತ್ತಿರದ ಕಲ್ಲುಗಳನ್ನು ಬಿಡಿಸದೆ ಬೆಸೆಯಲಾಗದು.

ಗೂಡು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿನ್ನದ ತಗಡಿನ ಮೇಲೆ ಚಿನ್ನದ ಸಣ್ಣ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿದರೆ ಪುಟ್ಟ ಪುಟ್ಟ ಕೋಣೆಗಳಾಗುತ್ತವೆ. ಪ್ರತಿ ಕೋಣೆಗೆ ಅದರದ್ದೇ ಆಕಾರದ ಕಲ್ಲಿನ ಹೋಳು. ಹೋಳನ್ನು ಇಟ್ಟು ನೋಡುವುದು, ತುಸು ತೇಯುವುದು, ಮತ್ತೆ ಇಟ್ಟು ನೋಡುವುದು. ಕಲ್ಲು ಕೂತ ಮೇಲೆ ಗೋಡೆಯ ಮೇಲಿನ ಅಂಚು ಕಲ್ಲಿಗಿಂತ ಕೂದಲೆಳೆಯಷ್ಟು ಎತ್ತರ ಉಳಿದಿರುತ್ತದೆ. ಆ ಅಂಚನ್ನು ನುಣುಪಾದ ಉಕ್ಕಿನ ಅಥವಾ ಅಗೇಟಿನ ತುದಿಯಿಂದ ಒತ್ತಿ ಒತ್ತಿ ಕಲ್ಲಿನ ಮೇಲೆ ಬಾಗಿಸುತ್ತಾರೆ. ಚಿನ್ನ ಮೆತ್ತಗಿರುವುದರಿಂದ ಹಾಗೆ ಬಾಗಿ ಅಲ್ಲೇ ನಿಲ್ಲುತ್ತದೆ, ಮತ್ತೆ ಎದ್ದು ಬರುವುದಿಲ್ಲ. ತುಕ್ಕು ಹಿಡಿದು ಕಲ್ಲಿಗೆ ಕಲೆ ಮಾಡುವುದೂ ಇಲ್ಲ.

ನಮ್ಮ ಅಕ್ಕಸಾಲಿಗರ ಕುಂದಣದ ಕೆಲಸ ಬಲ್ಲವರಿಗೆ ಇಲ್ಲಿನ ಹೋಲಿಕೆ, ವ್ಯತ್ಯಾಸ ಎರಡೂ ಥಟ್ಟನೆ ಹೊಳೆಯುತ್ತವೆ. ಕುಂದಣದಲ್ಲೂ ಹರಳು ಕೂರಿಸುವಾಗ ಬೆಂಕಿ ಇಲ್ಲ. ಒಳಗೆ ಅರಗು ತುಂಬಿ, ಅದರ ಮೇಲೆ ಹರಳಿಟ್ಟು, ಅಪರಂಜಿಯ ತೆಳು ತಗಡನ್ನು ಸುತ್ತ ತುರುಕಿ ಒತ್ತಿದರೆ ಆ ಶುದ್ಧ ಚಿನ್ನ ತನಗೆ ತಾನೇ ಅಂಟಿಕೊಂಡು ಗಟ್ಟಿ ಗೋಡೆಯಾಗುತ್ತದೆ. ಅಂದರೆ ಗೋಡೆ ಹುಟ್ಟುವುದು ಹರಳು ಕೂತ ಮೇಲೆ. ಡ್ರೆಸ್ಡೆನ್‌ನಲ್ಲಿ ಗೋಡೆ ಮೊದಲು, ಕಲ್ಲು ಆಮೇಲೆ. ಆದ್ದರಿಂದ ಕುಂದಣದಲ್ಲಿ ಚಿನ್ನ ಹರಳಿನ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ, ನಾಯ್ಬರ್‌ನ ಮೇಜಿನ ಮೇಲೆ ಕಲ್ಲೇ ಚಿನ್ನದ ಆಕಾರಕ್ಕೆ ಒಗ್ಗಬೇಕು. ಗಡಸು ಕಲ್ಲನ್ನು ಒಗ್ಗಿಸುವುದು ಎಷ್ಟು ತಾಳ್ಮೆಯ ಕೆಲಸ ಎಂದು ಸಾಣೆಯ ಬಗ್ಗೆ ಮೇಲೆ ಓದಿದವರಿಗೆ ಹೇಳಬೇಕಾಗಿಲ್ಲ.

ಪಾರದರ್ಶಕ ಹರಳಿನ ಹಿಂದೆ ಬಣ್ಣದ ತಗಡು ಇಡುವ ಉಪಾಯ ಎರಡೂ ಕಡೆ ಇದೆ. ಪ್ರಷ್ಯಾದ ದೊರೆ ಎರಡನೇ ಫ್ರೀಡ್ರಿಷ್‌ಗೆ ಸೈಲೀಶಿಯಾದ ಹಸಿರು ಕ್ರಿಸೋಪ್ರೇಸ್ ಕಲ್ಲಿನ ಹುಚ್ಚು. ಆ ಕಲ್ಲಿನಲ್ಲಿ ಕಡೆದ ಅವನ ನಶ್ಯದ ಡಬ್ಬಿಗಳ ಮೇಲಿನ ವಜ್ರಗಳ ಅಡಿಯಲ್ಲಿ ಬಣ್ಣದ ತಗಡುಗಳಿವೆ; ಬಿಳಿ ವಜ್ರ ಗುಲಾಬಿಯಾಗಿ, ಹಳದಿಯಾಗಿ ಹೊಳೆಯುತ್ತದೆ.

ಕಂಚಿಗೆ ಚಿನ್ನದ ಲೇಪ

ಡಬ್ಬಿಗೆ ಚಿನ್ನ ಸರಿ. ಹೂಜಿ, ಗಡಿಯಾರ, ಮೇಜಿನ ಕಾಲುಗಳಿಗೆ ಅದು ಆಗದ ಮಾತು. ಅಲ್ಲಿ ಕಂಚನ್ನು ಎರಕ ಹೊಯ್ದು, ಉಳಿಯಿಂದ ಎಲೆ ಬಳ್ಳಿಗಳನ್ನು ತಿದ್ದಿ, ಮೇಲೆ ಚಿನ್ನದ ಲೇಪ ಕೊಡುತ್ತಿದ್ದರು. 18ನೇ ಶತಮಾನದ ಲೇಪ ಪಾದರಸದ್ದು. ಬಿಸಿ ಪಾದರಸದಲ್ಲಿ ಚಿನ್ನದ ಚೂರು ಹಾಕಿದರೆ ಅದು ಕರಗಿ ಬೆಣ್ಣೆಯಷ್ಟು ಮೆತ್ತಗಿನ ಮುದ್ದೆಯಾಗುತ್ತದೆ. ಅದನ್ನು ಕಂಚಿನ ಮೈಗೆ ಬ್ರಶ್ಶಿನಿಂದ ಸವರಿ ಇದ್ದಲಿನ ಬೆಂಕಿಗೆ ಹಿಡಿಯುತ್ತಾರೆ. ಪಾದರಸ 357 ಡಿಗ್ರಿಯಲ್ಲಿ ಕುದಿದು ಆವಿಯಾಗಿ ಹೋಗುತ್ತದೆ, ಚಿನ್ನ ಕಂಚಿಗೆ ಕಚ್ಚಿಕೊಂಡು ಉಳಿಯುತ್ತದೆ. ಆಗ ಮೈ ಮಂಕು ಹಳದಿ. ಹೊಳೆಯಬೇಕಾದ ಕಡೆ ಮಾತ್ರ ಅಗೇಟಿನ ನುಣ್ಣನೆ ತುದಿಯಿಂದ ಉಜ್ಜುತ್ತಾರೆ. ಎಲೆಯ ನರ ಹೊಳೆಯುತ್ತಾ ಎಲೆಯ ಮೈ ಮಂಕಾಗಿರುವ ಆ ಚೆಲುವು ಪಾದರಸದ ಲೇಪದ ಹಳೆಯ ಕೆಲಸದಲ್ಲಿ ಕಣ್ಣಿಗೆ ಕಟ್ಟುತ್ತದೆ.

ಆವಿಯನ್ನು ಉಸಿರಾಡಿದವರ ಪಾಡು ಬೇರೆ. ಕೈ ನಡುಕ, ಹಲ್ಲು ಉದುರುವುದು, ಬುದ್ಧಿ ಕಲಕುವುದು. ಪ್ಯಾರಿಸ್ಸಿನ ಕಂಚಿನ ಕೆಲಸಗಾರ ಆಂತ್ವಾನ್ ಆಂದ್ರೆ ರಾವ್ರಿಯೊ 1814ರಲ್ಲಿ ತೀರಿಕೊಂಡಾಗ, ಈ ವಿಷದಿಂದ ಕಸುಬುದಾರರನ್ನು ಉಳಿಸುವ ಉಪಾಯ ಕಂಡುಹಿಡಿದವರಿಗೆಂದು ಉಯಿಲಿನಲ್ಲಿ 3000 ಫ್ರಾಂಕ್ ಇಟ್ಟುಹೋದ. ಆವಿಯನ್ನು ಎಳೆದು ಹೊರಗೆ ಹಾಕುವ ಒಲೆ ರೂಪಿಸಿದ ರಸಾಯನ ವಿಜ್ಞಾನಿ ದಾರ್ಸೆಗೆ 1818ರಲ್ಲಿ ಆ ಬಹುಮಾನ ಸಂದಿತು. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ವಿದ್ಯುತ್ತಿನಿಂದ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಪಾದರಸದ ಬಳಕೆ ನಿಧಾನಕ್ಕೆ ಹಿಂದೆ ಸರಿಯಿತು.

ಕಲ್ಲಿನ ಹೂಜಿಗೆ ಕಂಚಿನ ಹಿಡಿ, ಬಾಯಿ, ಪಾದ ಕೂಡಿಸುವಾಗ ಅಂಟಿನ ಪಾತ್ರ ಕಡಿಮೆ. ಸಾಮಾನ್ಯವಾಗಿ ನಡುವೆ ತೂತು ಕೊರೆದು ಉದ್ದನೆಯ ತಿರುಪಿನ ಸರಳು ಇಳಿಸಿ, ಪಾದದ ಕೆಳಗೆ ನಟ್ಟು ಬಿಗಿದಿರುತ್ತಾರೆ. ಭಾಗಗಳು ಒಂದರ ಮೇಲೊಂದು ಕೂತು ಆ ಬಿಗಿತದಲ್ಲೇ ನಿಲ್ಲುತ್ತವೆ.

128 ಕಲ್ಲುಗಳ ಮೇಜು

ನಾಯ್ಬರ್‌ನ ಅತಿ ದೊಡ್ಡ ಕೆಲಸ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಬವೇರಿಯಾದ ಗಾದಿಯ ಮೇಲಿನ ಹಕ್ಕಿಗಾಗಿ ಆಸ್ಟ್ರಿಯಾ, ಪ್ರಷ್ಯಾಗಳು ಕಾದಾಟಕ್ಕೆ ಇಳಿದಾಗ ಫ್ರಾನ್ಸ್ ಮತ್ತು ರಷ್ಯ ನಡುವೆ ನಿಂತು 1779ರ ಮೇ ತಿಂಗಳಲ್ಲಿ ಟೆಷೆನ್ ಎಂಬಲ್ಲಿ ಸಂಧಿ ಮಾಡಿಸಿದವು. ಸ್ಯಾಕ್ಸನಿಯ ಅರಸ ಮೂರನೇ ಫ್ರೀಡ್ರಿಷ್ ಆಗಸ್ಟ್‌ಗೆ ತಾಯಿಯ ಕಡೆಯ ಹಕ್ಕಿನ ಬಾಬ್ತು 60 ಲಕ್ಷ ಗುಲ್ಡೆನ್ ಪರಿಹಾರ ಸಿಕ್ಕಿತು. ಫ್ರಾನ್ಸಿನ ಪರವಾಗಿ ಸಂಧಾನ ನಡೆಸಿದ ಬ್ಯಾರನ್ ಬ್ರತೇಯ್‌ಗೆ ಕೃತಜ್ಞತೆ ತೋರಿಸಲು ಅರಸ ಕೊಟ್ಟದ್ದು ಈ ಮೇಜು.

ಮೇಜಿನ ಮೇಲ್ಮೈಯಲ್ಲಿ ಸ್ಯಾಕ್ಸನಿಯ 128 ಕಲ್ಲುಗಳು, ಪ್ರತಿಯೊಂದಕ್ಕೂ ಲೋಹದ ಅಂಚಿನಲ್ಲಿ ಕೊರೆದ ಅಂಕಿ, ಜೊತೆಗೆ ಕಲ್ಲುಗಳ ವಿವರದ ಪುಸ್ತಿಕೆ. ನಡುವೆ ಶಾಂತಿಯನ್ನು ಸಾರುವ ಚಿತ್ರಗಳಿರುವ ಮೈಸನ್ ಪಿಂಗಾಣಿಯ ಬಿಲ್ಲೆಗಳು; ಅದೂ ಸ್ಯಾಕ್ಸನಿಯದೇ ಹೆಮ್ಮೆ. ಮರದ ಮೈ, ಚಿನ್ನದ ಲೇಪದ ಕಂಚಿನ ಅಲಂಕಾರ. ಶಾಂತಿ ತಂದವನಿಗೆ ತನ್ನ ನೆಲದ ಕಲ್ಲುಗಳನ್ನೇ ಹೆಸರು ಹೇಳಿ ಕೊಟ್ಟ ಆ ಅರಸನ ಯೋಚನೆಗೆ ನಾನು ಮನಸೋತಿದ್ದೇನೆ. ಮೇಜು ಬ್ರತೇಯ್ ವಂಶದವರ ಬಳಿಯೇ ಎರಡು ಶತಮಾನಕ್ಕೂ ಮೀರಿ ಉಳಿಯಿತು. 2015ರಲ್ಲಿ ಲೂವ್ರ್ ಅದನ್ನು 1.25 ಕೋಟಿ ಯೂರೋಗೆ ಕೊಂಡಿತು. ಅದಕ್ಕಾಗಿ ಸಾರ್ವಜನಿಕರೂ ದೇಣಿಗೆ ಕೊಟ್ಟರು.

ನಾಯ್ಬರ್‌ಗೆ ಮಾತ್ರ ಈ ಕೆಲಸ ದುಡ್ಡು ಉಳಿಸಲಿಲ್ಲ. ಒಂದು ಡಬ್ಬಿಗೆ ತಿಂಗಳುಗಟ್ಟಲೆ ಕೆಲಸ, ಹಾಕಿದ ಚಿನ್ನದ ಹಣ ಸಿಕ್ಕಿಬೀಳುವುದು, ಕೊಳ್ಳುವವರು ಬೆರಳೆಣಿಕೆ. 1786ರಲ್ಲಿ ಫ್ಯಾಶನ್ ಪತ್ರಿಕೆಯೊಂದರಲ್ಲಿ ಡಬ್ಬಿ, ಉಂಗುರ, ಕೈಕೋಲಿನ ಹಿಡಿ, ಗಡಿಯಾರದ ಕವಚ ಎಲ್ಲದರ ಜಾಹೀರಾತು ಕೊಟ್ಟ. ಲಾಟರಿಯ ದಾರಿಯನ್ನೂ ಹಿಡಿದ. 1808ರಲ್ಲಿ ಐಬೆನ್‌ಸ್ಟಾಕ್ ಎಂಬ ಸಣ್ಣ ಊರಿನಲ್ಲಿ ತೀರಿಕೊಂಡ. 2012ರಲ್ಲಿ ಡ್ರೆಸ್ಡೆನ್, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಅವನ ಕೆಲಸಗಳ ದೊಡ್ಡ ಪ್ರದರ್ಶನ ನಡೆದ ಮೇಲೆ ಅವನ ಹೆಸರು ಮತ್ತೆ ಎಲ್ಲರ ಬಾಯಿಗೆ ಬಂತು.

ಊರು ಮರೆಸಿದ ಕಲ್ಲುಗಳು

19ನೇ ಶತಮಾನದಲ್ಲಿ ಇದೇ ಬಗೆಯ ಕಲ್ಲು, ಇದೇ ಬಗೆಯ ಜೋಡಣೆ ಮಧ್ಯಮವರ್ಗದ ಮನೆಗೆ ಬಂತು. ವಿಕ್ಟೋರಿಯಾ ರಾಣಿ 1848ರಲ್ಲಿ ಸ್ಕಾಟ್ಲೆಂಡಿನ ಬಾಲ್ಮೋರಲ್ ಅನ್ನು ಬಾಡಿಗೆಗೆ ಹಿಡಿದು, 1852ರಲ್ಲಿ ಅದನ್ನು ಕೊಂಡ ಕಾಲಕ್ಕೆ ಸ್ಕಾಟಿಷ್ ಎನ್ನುವುದೆಲ್ಲ ಇಂಗ್ಲೆಂಡಿನಲ್ಲಿ ಬೇಡಿಕೆಯ ವಸ್ತು. ಬೆಳ್ಳಿಯ ಬ್ರೂಚಿನಲ್ಲಿ ಸ್ಕಾಟ್ಲೆಂಡಿನ ಹೊಳೆ, ಕಡಲ ದಂಡೆಗಳ ಅಗೇಟು, ಜಾಸ್ಪರ್, ಕೆಂಪು ಚುಕ್ಕೆಯ ಹಸಿರು ಬ್ಲಡ್‌ಸ್ಟೋನ್ ಜೋಡಿಸಿ ಮಾರುವ ವ್ಯಾಪಾರ ಜೋರಾಯಿತು. ರಚನೆ ಅಗ್ಗ, ಆದರೆ ಬುದ್ಧಿವಂತಿಕೆಯದು: ಬೆಳ್ಳಿಯ ಚೌಕಟ್ಟು, ಹಲವು ಬ್ರೂಚುಗಳಲ್ಲಿ ಬೆನ್ನಿಗೆ ಸ್ಲೇಟು ಕಲ್ಲಿನ ತುಂಡು, ಅದರ ಮೇಲೆ ಕಲ್ಲಿನ ಹೋಳುಗಳನ್ನು ಅರಗಿನಿಂದ ಅಂಟಿಸುವುದು. ಆ ಅರಗು ಹೋಗುತ್ತಿದ್ದುದು ಭಾರತದಿಂದ, ಹೆಚ್ಚಾಗಿ ಕಲ್ಕತ್ತೆಯ ಬಂದರಿನಿಂದ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅರಗೂ ಅದೇ ಕೀಟದ ಅಂಟು.

ಬೇಡಿಕೆ ಏರಿದಂತೆ ಸ್ಕಾಟ್ಲೆಂಡಿನ ಕಲ್ಲು ಸಾಲಲಿಲ್ಲ. ಇಷ್ಟರಲ್ಲಿ ಇಡಾರ್‌ನಿಂದ ಬ್ರೆಜಿಲ್‌ಗೆ ವಲಸೆ ಹೋದವರು ಅಲ್ಲಿನ ರಿಯೊ ಗ್ರಾಂಡೆ ದೊ ಸುಲ್ ಪ್ರಾಂತದಲ್ಲಿ ರಾಶಿ ರಾಶಿ ಅಗೇಟು ಕಂಡು 1830ರ ದಶಕದಿಂದ ಊರಿಗೆ ಹಡಗಿನಲ್ಲಿ ಕಳುಹಿಸತೊಡಗಿದ್ದರು. ಬ್ರೆಜಿಲ್ಲಿನ ಅಗೇಟು ಹೆಚ್ಚಾಗಿ ಮಂಕು ಬೂದು. ಅದರ ರಂಧ್ರಗಳು ಬಣ್ಣ ಹೀರುತ್ತವೆ. ಸಕ್ಕರೆ ಪಾಕದಲ್ಲೋ ಜೇನಿನಲ್ಲೋ ವಾರಗಟ್ಟಲೆ ನೆನೆಹಾಕಿ ಗಂಧಕಾಮ್ಲದಲ್ಲಿ ಅದ್ದಿದರೆ ಒಳಗಿನ ಸಕ್ಕರೆ ಇದ್ದಲಾಗಿ ಕಲ್ಲು ಕಪ್ಪಾಗುತ್ತದೆ. ಕಬ್ಬಿಣದ ಲವಣದಲ್ಲಿ ನೆನೆಸಿ ಮೆಲ್ಲಗೆ ಕಾಯಿಸಿದರೆ ಕೆಂಪು. ಹೀಗೆ ಬ್ರೆಜಿಲ್ಲಿನ ಕಲ್ಲು ಜರ್ಮನಿಯಲ್ಲಿ ಬಣ್ಣ ಪಡೆದು, ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳ್ಳಿಗೆ ಸೇರಿ, ಎಡಿನ್‌ಬರಾದ ಅಂಗಡಿಯಲ್ಲಿ ಸ್ಕಾಟ್ಲೆಂಡಿನ ನೆನಪಾಗಿ ಮಾರಾಟವಾಗುತ್ತಿತ್ತು. ಚೆಲುವಿಗೆ ಕೊರತೆಯಿಲ್ಲ, ಆ ಬ್ರೂಚುಗಳನ್ನು ನಾನು ಹಳಿಯುವುದೂ ಇಲ್ಲ. ಆದರೆ ನಾಯ್ಬರ್ ಪ್ರತಿ ಹೋಳಿಗೂ ಊರು ಬರೆದಿಟ್ಟ. ಈ ವ್ಯಾಪಾರ ಊರನ್ನೇ ಮರೆಸಿತು. ಹಳೆಯ ವಸ್ತುವಿನ ಬೆಲೆ ಕಟ್ಟುವಾಗ ಈ ವ್ಯತ್ಯಾಸ ಬಹಳ ದೊಡ್ಡದು.

ಕೈಗೆ ಸಿಕ್ಕರೆ

ಬ್ರಿಟನ್ನಿನಲ್ಲಿ, ಜರ್ಮನಿಯಲ್ಲಿ ನೆಲೆಸಿರುವ ನಮ್ಮವರಿಗೆ ವಾರಾಂತ್ಯದ ಹಳೆ ಸಾಮಾನಿನ ಸಂತೆಗಳಲ್ಲಿ ಇಂಥ ಬ್ರೂಚು, ಪೆಟ್ಟಿಗೆಗಳು ಎದುರಾಗುತ್ತವೆ. ಕೊಳ್ಳುವ ಮುಂಚೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಿಲ್ಬರ್ಟ್ ಸಂಗ್ರಹವನ್ನೋ ಡ್ರೆಸ್ಡೆನ್ ಅರಮನೆಯ ಹಸಿರು ಕಮಾನು ಎಂಬ ಹೆಸರಿನ ಖಜಾನೆಯನ್ನೋ ಒಮ್ಮೆ ನೋಡಿ ಕಣ್ಣು ಪಳಗಿಸಿಕೊಳ್ಳುವುದು ಒಳ್ಳೆಯದು.

ಒಡವೆ ಅಂಗಡಿಯವರು ಕಣ್ಣಿಗೆ ಸಿಕ್ಕಿಸುವ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಸಾಕು. ಮೊದಲು ಕಲ್ಲಿನ ಒಳಗೆ ನೋಡಿ: ದುಂಡನೆ ಗುಳ್ಳೆಗಳಿದ್ದರೆ ಗಾಜು. ಕಲ್ಲನ್ನು ಕೆನ್ನೆಗೆ ಒತ್ತಿದರೆ ಗಾಜಿಗಿಂತ ತಣ್ಣಗೆನಿಸುತ್ತದೆ, ಆ ತಂಪು ಕೆಲ ಕಾಲ ನಿಲ್ಲುತ್ತದೆ. ಬಣ್ಣ ಬಿರುಕುಗಳ ಗುಂಟ ಗಾಢವಾಗಿ ಕೂಡಿದ್ದರೆ ಬಣ್ಣ ಹಾಕಿದ ಸಾಧ್ಯತೆ ಹೆಚ್ಚು. ಆಮೇಲೆ ಲೋಹದ ಅಂಚಿಗೆ ಬನ್ನಿ. ಹಳೆಯ ಅಂಚು ಎಲ್ಲ ಕಡೆ ಒಂದೇ ಸಮ ಸವೆದಿರುತ್ತದೆ. ಒಂದು ಕಲ್ಲಿನ ಸುತ್ತ ಮಾತ್ರ ಹೊಸ ಗೀರುಗಳಿದ್ದರೆ ಅಲ್ಲಿ ಯಾರೋ ಕಲ್ಲು ಬದಲಿಸಿದ್ದಾರೆ. ಅಂಚು ಕಲ್ಲಿಗೆ ತಾಗದೆ ನಡುವೆ ಹಳದಿ ಅಂಟು ಇಣುಕುತ್ತಿದ್ದರೂ ಅದೇ ಅನುಮಾನ. ಬೆಳ್ಳಿಯ ಹಿಂಬದಿಯಲ್ಲಿ ಬ್ರಿಟಿಷ್ ಮುದ್ರೆಗಳಿದ್ದರೆ ಊರು, ವರ್ಷ ಎರಡೂ ಗೊತ್ತಾಗುತ್ತವೆ. ಲಂಗರಿನ ಚಿಹ್ನೆ ಬರ್ಮಿಂಗ್‌ಹ್ಯಾಮ್‌ನದು. ಚಾಕುವಿನಿಂದ ಗೀರಿ ಪರೀಕ್ಷಿಸಲು ಮಾತ್ರ ಹೋಗಬೇಡಿ. ಅಗೇಟಾದರೆ ಏನೂ ಆಗದು, ಮಾಲಕೈಟ್ ಆಗಿದ್ದರೆ ಹೋದದ್ದು ಬಾರದು.

ಮನೆಗೆ ತಂದ ಮೇಲೆ ನಮ್ಮ ಅಡುಗೆಮನೆಯ ಅಭ್ಯಾಸಗಳನ್ನು ಇದರಿಂದ ದೂರವಿಡಬೇಕು. ತಾಮ್ರ ಹಿತ್ತಾಳೆ ಬೆಳಗುವ ಹುಣಸೆಹಣ್ಣು, ನಿಂಬೆಹೋಳು ಮಾಲಕೈಟಿನ ಮೇಲ್ಮೈಯನ್ನು ತಿನ್ನುತ್ತವೆ, ಲ್ಯಾಪಿಸ್‌ನ ಬಿಳಿ ಗೆರೆಗಳಲ್ಲಿರುವ ಕ್ಯಾಲ್ಸೈಟನ್ನೂ ಬಿಡುವುದಿಲ್ಲ; ಎರಡೂ ಆಮ್ಲಕ್ಕೆ ಕರಗುವಂಥವು. ಬೂದಿ, ಹಲ್ಲುಪುಡಿ, ಹಿತ್ತಾಳೆಗೆ ಹಚ್ಚುವ ಪಾಲಿಶ್ ಕಂಚಿನ ಮೇಲಿನ ಚಿನ್ನದ ಲೇಪವನ್ನು ಉಜ್ಜಿ ತೆಗೆಯುತ್ತವೆ. ಒಮ್ಮೆ ಹೋದ ಪಾದರಸದ ಲೇಪವನ್ನು ಇವತ್ತು ಮತ್ತೆ ಕೊಡಿಸುವುದು ಸುಲಭವಲ್ಲ. ಬಿಸಿನೀರೂ ಬೇಡ. ಅರಗು 75 ಡಿಗ್ರಿ ಸುತ್ತಮುತ್ತ ಮೆತ್ತಗಾಗಿ ಹೋಳುಗಳು ಜಾರುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಬರುವುದೂ ಅಪಾಯವೇ. ಒಡವೆ ಅಂಗಡಿಯ ಕಂಪನದ ತೊಟ್ಟಿಯಲ್ಲಿ ತೊಳೆಸಿದರೆ ಹಳೆಯ ಅಂಟು ಸಡಿಲವಾಗುತ್ತದೆ, ಕಣ್ಣಿಗೆ ಕಾಣದ ಬಿರುಕು ದೊಡ್ಡದಾಗುತ್ತದೆ. ಒಣಗಿದ ಮೆತ್ತನೆ ಬಟ್ಟೆ, ಮೂಲೆಗಳಿಗೆ ಮೆತ್ತನೆ ಕೂದಲಿನ ಕುಂಚ, ಇಷ್ಟೇ ಸಾಕು.

ರಿಪೇರಿಗೆ ಕೊಡುವುದಾದರೆ ಮೊದಲು ಎಲ್ಲ ಮಗ್ಗುಲುಗಳಿಂದ ಫೋಟೋ ತೆಗೆದಿಡಿ, ಬೆಂಕಿ ತೋರಿಸುವುದಿಲ್ಲ ಎಂದು ಮೊದಲೇ ಮಾತು ತೆಗೆದುಕೊಳ್ಳಿ. ಬಿದ್ದುಹೋದ ಕಲ್ಲಿನ ಚೂರನ್ನು ಎಸೆಯದೆ ಜೊತೆಗೇ ಕೊಡಿ. ಹೊಸ ಹೋಳು ಎಷ್ಟೇ ಚೆನ್ನಾಗಿದ್ದರೂ ಅದೇ ನೆಲದ ಕಲ್ಲು ಸಿಗುವುದು ಕಷ್ಟ. ವಸ್ತುವಿನ ಜೊತೆ ಬಂದ ಹಳೆಯ ಚೀಟಿ, ರಸೀದಿ, ಪೆಟ್ಟಿಗೆ, ಯಾರದೋ ಕೈಬರಹದ ಟಿಪ್ಪಣಿ ಯಾವುದನ್ನೂ ಬೇರೆ ಮಾಡಬೇಡಿ. ಇಂದಿನ ಬೆಲೆಗಾರರು ಅಂಕಿ ಕೊರೆದ ಡಬ್ಬಿಯನ್ನು ಕೈಗೆ ತೆಗೆದುಕೊಂಡೊಡನೆ ಕೇಳುವುದು ಪುಸ್ತಿಕೆ ಇದೆಯೇ ಎಂದೇ. ಅದು ಕಳೆದಿದ್ದರೆ ಕಲ್ಲಿನ ಪಕ್ಕದ ಅಂಕಿಗಳಿಗೆ ಅರ್ಥ ಹೇಳುವವರಿಲ್ಲ, ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.